ಹೊಳೆ ಇಳಿದಂತೆ ನಾವೂ: ಲಕ್ಕವಳ್ಳಿಯಿಂದ ಕೂಡ್ಲಿಗೆ

ಶಿವಮೊಗ್ಗದಿಂದ ಹೆದ್ದಾರಿಯಲ್ಲಿ ಸರ್‍ರನೆ ಭದ್ರಾವತಿಗೆ ಬಂದಿಳಿಯುವ ನೆಂಟರು, "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಅಂತ ಕೇಳುತ್ತಾರೆ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು, ಸುಮ್ಮನಿರುತ್ತೇನೆಯೇ? ಕಾರು ಹತ್ತಿಸಿಕೊಂಡು ಸೀದಾ ಲಕ್ಕವಳ್ಳಿಗೆ ಕರೆದೊಯ್ಯುತ್ತೇನೆ. ಅಲ್ಲಿಂದ ಭದ್ರೆ ಇಳಿದಂತೆ ನಾವೂ ಇಳಿದು ಬರುತ್ತೇವೆ. ದಾರಿಯ ಊರುಗಳಿಗೆಲ್ಲ ಕೆಲಸ ಕೊಟ್ಟವಳು ಈ ಹೊಳೆ. ಮೇಲಿಂದ ಕೆಳಗೆ ಬಂದರೆ ಅದು ಚೆನ್ನಾಗಿ ತಿಳಿಯುತ್ತದೆ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ದಾವಣಗೆರೆಯ ಭತ್ತದ ರೈತರು ದಿನಾ ಪತ್ರಿಕೆಯಲ್ಲಿ ಹುಡುಕುವ ಅಂಕಿ ಇದೇ. ಹಿನ್ನೀರಿನಾಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಹಿಂಡುಹಿಂಡಾಗಿ ಮೊಟ್ಟೆಯಿಡುತ್ತವೆ.

ಅಣೆಕಟ್ಟಿನ ಕೆಳಗೆ ಬಿ.ಆರ್.ಪಿ. (ಭದ್ರಾ ರಿವರ್ ಪ್ರಾಜೆಕ್ಟ್) ಎಂಬ ಊರು, ಅದಕ್ಕೆ ಅಂಟಿಕೊಂಡೇ ಶಂಕರಘಟ್ಟ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಇಲ್ಲಿದೆ. ಮುಂದೆ ಹೊಳೆ ಒಮ್ಮೆ ಕಾಣುತ್ತದೆ, ಒಮ್ಮೆ ಅಡಿಕೆ ತೋಟಗಳ ಹಿಂದೆ ಮರೆಯಾಗುತ್ತದೆ. ಕಾಣದಿದ್ದರೂ ಗದ್ದೆಯ ಹಸಿರು ನೋಡಿದರೆ ನೀರು ಹತ್ತಿರದಲ್ಲೇ ಇದೆ ಅಂತ ಗೊತ್ತಾಗುತ್ತದೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಬಾಬಾಬುಡನ್‌ಗಿರಿ ಸಾಲಿನ ಅದಿರು, ಇದ್ದಿಲಿಗೆ ಮಲೆನಾಡಿನ ಕಟ್ಟಿಗೆ, ಭದ್ರೆಯ ನೀರು ಮೂರೂ ಕೈಗೆಟುಕುತ್ತಿದ್ದರಿಂದ ಕಬ್ಬಿಣದ ಕಾರ್ಖಾನೆ ಇಲ್ಲಿಗೆ ಬಂತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ವಿಶ್ವೇಶ್ವರಯ್ಯನವರ ಹೆಸರೇ ಈಗ ಅದಕ್ಕಿದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೂ ಬೇಕಾದದ್ದು ಕಾಡು ಮತ್ತು ಹೊಳೆ. ಬಿದಿರನ್ನು ಬೇಯಿಸಿ ತಿರುಳು ಮಾಡಲು, ತೊಳೆಯಲು ನೀರು ಹೇರಳವಾಗಿ ಬೇಕು. ಪತ್ರಿಕೆಗಳ ಕಾಗದವೂ ಇಲ್ಲಿ ತಯಾರಾಗುತ್ತಿತ್ತು. ಯಂತ್ರಗಳು ನಿಂತು ವರ್ಷಗಳೇ ಆದವು. ನಮ್ಮ ಬಡಾವಣೆಯ ಮರಗಳು ಮಾತ್ರ ಬೆಳೆಯುತ್ತಲೇ ಇವೆ. ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯವನ್ನು ತಪ್ಪಿಸಬೇಡಿ. 13ನೇ ಶತಮಾನದ ಹೊಯ್ಸಳ ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಾಲಯ ಅದು.

ಇಲ್ಲಿಂದ ಹೊಳೆಹೊನ್ನೂರಿನ ರಸ್ತೆ ಹಿಡಿಯಿರಿ. ಬಯಲು ತೆರೆದುಕೊಳ್ಳುತ್ತದೆ, ಕಾಡು ಹಿಂದೆ ಬೀಳುತ್ತದೆ. ಸಂಜೆಯಾಗಿದ್ದರೆ ಖಾರಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದೇ ಮುಂದೆ ಹೋಗುವುದು ನಮ್ಮ ಮನೆಯ ಕಟ್ಟಳೆ.

ಕೊನೆಯ ಊರು ಕೂಡ್ಲಿ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ, ಬೇರೆ ದಾರಿ ಹಿಡಿದ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಸುತ್ತಿ ಬಂದು ಇಲ್ಲಿ ಭದ್ರೆಯನ್ನು ಸೇರುತ್ತಾಳೆ. ಸಂಗಮೇಶ್ವರ, ರಾಮೇಶ್ವರ ದೇವಾಲಯಗಳು, ಶೃಂಗೇರಿ ಪರಂಪರೆಯ ಮಠ, ಅಕ್ಷೋಭ್ಯತೀರ್ಥರ ಮಠ ಎಲ್ಲವೂ ನಡೆದು ನೋಡುವಷ್ಟು ಹತ್ತಿರ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಈ ದಾರಿಗೆ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಹೊರಡಿ, ಕತ್ತಲಾಗುವ ಮುಂಚೆ ಶಿವಮೊಗ್ಗ ಸೇರಿಕೊಳ್ಳಬಹುದು. ಜಲಾಶಯದಿಂದ ನೀರು ಬಿಟ್ಟಿರುವಾಗ ಎಲ್ಲಿಯೂ ಹೊಳೆಗೆ ಇಳಿಯಬೇಡಿ. ಸಂಗಮದಲ್ಲಿ ಮಿಂದರೆ ಉಟ್ಟ ಬಟ್ಟೆಯನ್ನು ನೀರಿಗೆ ಬಿಡದೆ ಮನೆಗೆ ತನ್ನಿ. ಈ ನೀರನ್ನೇ ಕುಡಿಯುವ ಊರುಗಳು ಕೆಳಗೆ ಬೇಕಾದಷ್ಟಿವೆ.