ಹಳೇ ಕಾರು ಒಮ್ಮೆಲೇ ಎಳೆದಾಡಿದರೆ

ಎರಡು ಲಕ್ಷ ಕಿ.ಮೀ. ದಾಟಿದ ಕಾರು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹೊರಟಿದ್ದೆ. ಹಿಂದೆ ಮಗಳು, ಮೊಮ್ಮಗ ಕುಂತಿದ್ದರು. ಒಮ್ಮೆಲೇ ಸ್ಟೇರಿಂಗ್ ನಡುಗಿ, ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಾಡತೊಡಗಿತು.

ನಿಲ್ಲಿಸಿ ಗಾಳಿ ನೋಡಿದೆ, ಸರಿಯಿತ್ತು. ರಿಮ್ಮಿನ ಒಳಗೆ ಡೋಣಿ ಸಾಲಿನ ಎರೆಮಣ್ಣು ಒಣಗಿ ಹೆಂಟೆ ಕಟ್ಟಿತ್ತು. ಕೆತ್ತಿ ತೆಗೆದೆ. ನಡುಕ ನಿಂತಿತು, ಎಳೆದಾಟ ನಿಲ್ಲಲಿಲ್ಲ. ಮಗಳನ್ನು ಬಸ್ಸಿಗೆ ಹತ್ತಿಸಿ, ನಿಧಾನಕ್ಕೆ ಗ್ಯಾರೇಜಿಗೆ ಒಯ್ದೆ.

"ಅಲೈನ್‌ಮೆಂಟ್ ಮಾಡಿಸ್ರಿ, ಸಾಕು" ಅಂದ ಮೇಸ್ತ್ರಿ. ನನಗೆ ಒಪ್ಪಲಿಲ್ಲ. ಅದು ಒಮ್ಮೆಲೇ ಕೆಡಬೇಕಾದರೆ ಏನೋ ಬಾಗಿರಬೇಕು, ಇಲ್ಲವೇ ಸಡಿಲಾಗಿರಬೇಕು. ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತಿಸಿದೆ. ಎಡಬಲ ಹಿಡಿದು ಅಲುಗಿಸಿದರೆ ಟಕ್ ಟಕ್ ಅಂತು. ಟೈ ರಾಡ್ ಎಂಡ್ ಪೂರಾ ಸವೆದಿತ್ತು. ಓಡುವಾಗ ಕಳಚಿದ್ದರೆ ಆ ಗಾಲಿ ಸ್ಟೇರಿಂಗಿನ ಮಾತು ಕೇಳುತ್ತಿರಲಿಲ್ಲ! ಅದನ್ನು ಬದಲಿಸಿದ ಮೇಲೆಯೇ ಅಲೈನ್‌ಮೆಂಟ್ ಮಾಡಿಸಿದೆ.

ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್, ಬಾಲ್ ಜಾಯಿಂಟ್ ನೋಡಿಸಿ. ಓಡಿಸಿ ನಿಲ್ಲಿಸಿದಾಗ ಒಂದೇ ಗಾಲಿ ಬಹಳ ಬಿಸಿಯಿದ್ದರೆ ಅದರ ಬ್ರೇಕ್ ಹಿಡಿದಿರಬಹುದು. ಬರೇ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ತೂರಬೇಡಿ. ಹಳೇ ಎತ್ತು ಕುಂಟಿದರೆ ಮೊದಲು ಕಾಲು ನೋಡುತ್ತೇವಲ್ಲ, ಕಾರಿಗೂ ಹಾಗೇ.