ಬಲೂನಿನೊಳಗಿನ ಮನೆಮಾತು

ಹುಬ್ಬಳ್ಳಿಯಿಂದ ವಾಸ್ಕೊ ಕಡೆಗೆ ಹೊರಟ ರೈಲು ಲೋಂಡಾ, ಕ್ಯಾಸಲ್‌ರಾಕ್ ದಾಟಿ, ಘಟ್ಟ ಇಳಿದು, ಕುಳೆಂ ಆದಮೇಲೆ ಸಾವರ್ಡೆ-ಕುಡಚಡೆ ನಿಲ್ದಾಣಕ್ಕೆ ಬರುತ್ತದೆ. ಜುವಾರಿ ದಂಡೆಯ ಈ ಪೇಟೆಗೂ ನಮ್ಮ ಉತ್ತರ ಕರ್ನಾಟಕಕ್ಕೂ ಇದೇ ಹಳಿಯ ನಂಟು. ಗೌಂಡಿ ಕೆಲಸಕ್ಕೆ, ಕೂಲಿಗೆ, ವ್ಯಾಪಾರಕ್ಕೆ ಬಂದು ಗೋವಾದಲ್ಲೇ ಉಳಿದುಬಿಟ್ಟ ಮನೆಗಳ ಮಕ್ಕಳನ್ನು ನೆನೆಸಿಕೊಳ್ಳಿ. ಅವ್ವನ ಜೊತೆ ಕನ್ನಡ, ಓಣಿಯಲ್ಲಿ ಕೊಂಕಣಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿಯೋ ಇಂಗ್ಲಿಷೋ. ಮಾತಾಡು ಅಂದರೆ ಎಲ್ಲದರಲ್ಲೂ ಪಟಪಟ ಮಾತಾಡುತ್ತವೆ. ಕನ್ನಡ ಓದು ಅಂದರೆ ಸುಮ್ಮನಾಗುತ್ತವೆ.

ಅವುಗಳ ಕೈಗೆ ನಾವು ಕೊಡುವುದು ಪಠ್ಯಪುಸ್ತಕ. ‘ಎಲ್ಲಿಗೆ ಹೋಗುತ್ತಿರುವೆ?’ ಎಂದು ಅಲ್ಲಿ ಅಚ್ಚಾಗಿರುತ್ತದೆ. ಆ ಮನೆಯಲ್ಲಿ ಹಾಗೆ ಯಾರೂ ಯಾವತ್ತೂ ಕೇಳಿಲ್ಲ, ‘ಎಲ್ಲಿ ಹೊಂಟಿಯೋ?’ ಅಂತಲೇ ಕೇಳಿದ್ದಾರೆ. ‘ಹೊಂಟಿಯೋ’ ಎಂದು ಬರೆದರೂ ಮೇಷ್ಟ್ರು ಕೆಂಪು ಗೀಟು ಎಳೆಯದ ಒಂದು ಜಾಗವಿದೆ: ಚಿತ್ರಕಥೆಯ ಮಾತಿನ ಬಲೂನು. ಭಾಷೆ ಕಲಿಸಲು ಕಾಮಿಕ್ಸ್ ಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ಮೊದಲ ಕಾರಣ. ಬಣ್ಣ ನೋಡಿ ಮಕ್ಕಳು ಹಿಗ್ಗುತ್ತವೆ ಅನ್ನುವುದೆಲ್ಲ ಆಮೇಲಿನದು.

ಕನ್ನಡಕ್ಕೆ ಇದು ಹೊಸದೂ ಅಲ್ಲ. ‘ಅಮರ ಚಿತ್ರಕಥೆ’ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ ಸಿಂಡ್ರೆಲಾ, ಪಿನೋಕಿಯೊದಂಥ ಹತ್ತು ಪರದೇಶದ ಕಥೆಗಳು ಕನ್ನಡಕ್ಕೆ ಬಂದವು, ಖರ್ಚೂ ಆದವು. ಆ ಮಾಲಿಕೆಯ ಸಂಪಾದಕ ಅನಂತ ಪೈ ಅವರ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಾಗಿ ಬಂದದ್ದು ಈ ಹತ್ತರ ದೆಸೆಯಿಂದ. ಕಾರ್ಕಳದಲ್ಲಿ ಹುಟ್ಟಿದ ಪೈ ಅವರ ಮನೆಮಾತು ಕೊಂಕಣಿ ಎಂಬುದನ್ನು ಕುಡಚಡೆಯ ಮಕ್ಕಳಿಗೆ ಹೇಳಬೇಕು.

ಪಾಠ ಹೇಗೆ? ಖರ್ಚು ಒಂದು ಜೆರಾಕ್ಸಿನದು. ನಾಲ್ಕು ಚೌಕದ ಒಂದು ಪುಟ ತೆಗೆದುಕೊಂಡು ಬಲೂನುಗಳ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ. ಮೊದಲ ಚೌಕದಲ್ಲಿ ಹುಡುಗನೊಬ್ಬ ಪೇರಲ ಗಿಡದ ಟೊಂಗೆಗೆ ಜೋತುಬಿದ್ದಿದ್ದಾನೆ ಎನ್ನಿ; ಎರಡನೆಯದರಲ್ಲಿ ನೆಲದ ಮೇಲೆ ಕೂತು ಸೊಂಟ ಹಿಡಿದುಕೊಂಡಿದ್ದಾನೆ. ಬಿದ್ದದ್ದನ್ನು ಯಾರೂ ಬರೆದಿಲ್ಲ. ಚೌಕಗಳ ನಡುವಿನ ಆ ಖಾಲಿ ಪಟ್ಟಿಯನ್ನು ಓದುಗನೇ ತುಂಬಿಕೊಳ್ಳುತ್ತಾನೆ ಎಂದು ಚಿತ್ರಕಥೆಗಾರ ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಪುಸ್ತಕದಲ್ಲಿ ಚಿತ್ರ ಬರೆದೇ ತೋರಿಸಿದರು. ನಮ್ಮ ಮಗು ಅದನ್ನು ಬಾಯಿಬಿಟ್ಟು ತುಂಬಲಿ: ‘ಟೊಂಗಿ ಮುರೀತು, ಬಿದ್ದ.’ ಭೂತಕಾಲದ ಎರಡು ಕ್ರಿಯಾಪದ ಬಂದಾಯಿತು, ವ್ಯಾಕರಣದ ಹೆಸರೆತ್ತದೆ. ಮುರಿದ ಸದ್ದು ಹೇಗೆ? ‘ಲಟಕ್’. ಬಿದ್ದದ್ದು? ‘ಧೊಪ್ಪನೆ’. ಸರ್ರನೆ, ದಡದಡ, ಚಟಪಟ, ಗುಳುಂ: ಕನ್ನಡದಲ್ಲಿ ಇಂಥವು ಎಷ್ಟಿವೆಯೆಂದರೆ ಅವಕ್ಕೆ ‘ಅನುಕರಣಾವ್ಯಯ’ ಎಂಬ ಹೆಸರನ್ನೇ ಇಟ್ಟಿದ್ದೇವೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬಿಟ್ಟರೆ ಅವನ್ನು ಕೇಳುವವರಿಲ್ಲ. ಚಿತ್ರಕಥೆಯಲ್ಲಾದರೆ ಅರ್ಧ ಪುಟ ಅವುಗಳದ್ದೇ!

ಅಂಟಿಸಿದ ಚೂರಿನ ಮೇಲೆ ಬಲೂನಿನ ಮಾತನ್ನು ಮಗು ತನ್ನ ಮನೆಯ ಕನ್ನಡದಲ್ಲೇ ಬರೆಯಲಿ. ಆಮೇಲೆ ಅದೇ ಬಲೂನಿಗೆ ಇನ್ನೊಂದು ಚೂರು. ಅದರಲ್ಲಿ ದೇವನಾಗರಿಯಲ್ಲಿ ಕೊಂಕಣಿ: ‘ಖಂಯ್ ವತಾ?’ ಕಾಗುಣಿತದ ಕ್ರಮ ಎರಡೂ ಲಿಪಿಗೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಶಾಲೆಯಲ್ಲಿ ಕಲಿತದ್ದು ಮನೆಯ ಅಕ್ಷರಕ್ಕೂ ಒದಗುತ್ತದೆ.

ತೊಡಕುಗಳೂ ಇವೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಜಾಗ ಕೇಳುತ್ತದೆ. ‘ಹೋಗಬೇಕಾಗಿತ್ತಲ್ಲ’ ಎಂಬ ಒಂದೇ ಪದ ಸಣ್ಣ ಬಲೂನನ್ನು ಪೂರ್ತಿ ನುಂಗುತ್ತದೆ. ಇಂಗ್ಲಿಷಿಗೆಂದು ಅಳೆದ ಬಲೂನಿಗೆ ಅನುವಾದ ತುರುಕಿದರೆ ಇರುವೆಸಾಲಿನಂಥ ಅಕ್ಷರಗಳಾಗಿ ಹೊಸದಾಗಿ ಓದುವವರ ಕಣ್ಣು ಸೋಲುತ್ತದೆ. ಚಿತ್ರವನ್ನಷ್ಟೇ ನೋಡಿ ಪುಟ ಮಗುಚುವ ಜಾಣರೂ ಇರುತ್ತಾರೆ, ಅವರಿಗೇ ಆ ಬಿಳಿ ಚೂರು. ಇನ್ನು, ಇಡೀ ಪಠ್ಯವನ್ನೇ ಕಾಮಿಕ್ಸ್ ಮಾಡಿಬಿಡೋಣ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪದ್ಯ ಪದ್ಯವಾಗಿಯೇ ಇರಲಿ.

ಪುಸ್ತಕ ಸಿಗುವುದಿಲ್ಲ ಅನ್ನುವ ನೆಪವೂ ಈಗ ನಡೆಯದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ, ಕೊಂಕಣಿ, ಮರಾಠಿಯ ಚಿತ್ರಪುಸ್ತಕಗಳಿವೆ, ಇಳಿಸಿಕೊಂಡು ಅಚ್ಚು ಹಾಕಿಸಲು ಕಾಸು ಕೊಡಬೇಕಿಲ್ಲ. ಅವು ಕಾಮಿಕ್ಸ್ ಅಲ್ಲ, ಬಲೂನು ನೀವೇ ಬರೆಯಬೇಕು. ಅಷ್ಟು ಮಾಡಿ. ಮತ್ತೆ ಊರಿಂದ ಕುಡಚಡೆಗೆ ಬರುವಾಗ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಪಕ್ಕ ಎರಡು ಹಳೆಯ ಚಿತ್ರಕಥೆ ಇಟ್ಟುಕೊಂಡು ಬನ್ನಿ.