ಸುಡದ ಇಟ್ಟಿಗೆ

ಕನ್ನಡದ ನುಡಿಗಟ್ಟುಗಳಲ್ಲಿ ಮಣ್ಣಿಗೆ ಸಿಕ್ಕಿರುವ ಮರ್ಯಾದೆ ಅಷ್ಟಕ್ಕಷ್ಟೆ. ಕೆಟ್ಟುಹೋದ ಕೆಲಸವನ್ನು ‘ಮಣ್ಣುಪಾಲಾಯಿತು’ ಎನ್ನುತ್ತೇವೆ. ತಿಳಿವಳಿಕೆಯಿಲ್ಲದವನನ್ನು ಕುರಿತು ‘ಅವನಿಗೇನು ಮಣ್ಣು ಗೊತ್ತು’ ಎಂದು ಹಂಗಿಸುತ್ತೇವೆ. ಮನೆಯ ಮಾತು ಬಂದಾಗಲೂ ಹೀಗೆಯೇ. ಮಣ್ಣಿನ ಮನೆಯೆಂದರೆ ಬಡವನ ಮನೆ. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಅದನ್ನು ಕೆಡವಿ ಇಟ್ಟಿಗೆ, ಸಿಮೆಂಟುಗಳ ಮನೆ ಎಬ್ಬಿಸುವುದು ಏಳಿಗೆಯ ಗುರುತು. ಹೀಗಿರುವಾಗ, ಓದಿದ ಎಂಜಿನಿಯರುಗಳೂ ವಾಸ್ತುಶಿಲ್ಪಿಗಳೂ ಮತ್ತೆ ಮಣ್ಣಿನತ್ತ ಏಕೆ ತಿರುಗಿದರು ಎಂಬುದು ಕೇಳತಕ್ಕ ಪ್ರಶ್ನೆ.

ಅದಕ್ಕೆ ಮೊದಲು ಸುಟ್ಟ ಇಟ್ಟಿಗೆಯ ಗುಣವನ್ನು ತಿಳಿಯಬೇಕು. ಹಸಿ ಇಟ್ಟಿಗೆಯನ್ನು ಗೂಡಿನಲ್ಲಿಟ್ಟು ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದರೊಳಗಿನ ಜೇಡಿ ಮತ್ತೆ ನೀರಿಗೆ ಕರಗದ ಪದಾರ್ಥವಾಗಿ ಮಾರ್ಪಡುತ್ತದೆ. ಇದು ಮನುಷ್ಯನ ಹಳೆಯ, ದೊಡ್ಡ ಜಾಣತನಗಳಲ್ಲೊಂದು. ಆದರೆ ಆ ಜಾಣತನಕ್ಕೆ ತೆರುವ ಬೆಲೆ ಸೌದೆ, ಕಲ್ಲಿದ್ದಲು. ಜೊತೆಗೆ ಹೊಲಗಳ ಫಲವತ್ತಾದ ಮೇಲ್ಮಣ್ಣು. ಬೆಂಕಿಯ ಸಹಾಯವಿಲ್ಲದೆ ಮಣ್ಣನ್ನು ನೀರಿಗೆ ಅಂಜದಂತೆ ಮಾಡಲು ಸಾಧ್ಯವೇ?

ಸಾಧ್ಯ, ಎಂದು ಮೊದಲು ಕೈಯಂತ್ರದ ಮೂಲಕ ತೋರಿಸಿಕೊಟ್ಟದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. 1950ರ ದಶಕದಲ್ಲಿ ಅಲ್ಲಿನ ವಸತಿ ಸಂಶೋಧನ ಕೇಂದ್ರದಲ್ಲಿ ರೌಲ್ ರಾಮಿರೆಸ್ ಎಂಬ ಎಂಜಿನಿಯರು ಉದ್ದನೆಯ ಸನ್ನೆಕೋಲಿನಿಂದ ಮಣ್ಣನ್ನು ಅಚ್ಚಿನೊಳಗೆ ಒತ್ತುವ ಯಂತ್ರವೊಂದನ್ನು ರೂಪಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ, ಹಳ್ಳಿಗಾಡಿಗೆ ಒಗ್ಗುವ ತಂತ್ರವಿದ್ಯೆಗಾಗಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ನಮ್ಮ ಮಣ್ಣುಗಳಿಗೆ ಹೊಂದುವಂತೆ ಈ ವಿದ್ಯೆಯನ್ನು ಬೆಳೆಸಿದರು.

ಇದರ ಮರ್ಮ ಸರಳವಾದದ್ದು. ಮಣ್ಣೆಂಬುದು ಒಂದೇ ವಸ್ತುವಲ್ಲ. ಮರಳು, ಅದಕ್ಕಿಂತ ನುಣುಪಾದ ಹೂಳುಮಣ್ಣು, ಎಲ್ಲಕ್ಕಿಂತ ಸೂಕ್ಷ್ಮವಾದ ಜೇಡಿ, ಇವುಗಳ ಕೂಟ. ಜೇಡಿಯೇ ಅಂಟು. ಆದರೆ ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಆದ್ದರಿಂದ ಜೇಡಿಯ ಪಾಲು ಮಿತವಾಗಿದ್ದು ಮರಳು ಹೆಚ್ಚಾಗಿರುವ ಮಣ್ಣನ್ನು ಆರಿಸಿ, ನೂರಕ್ಕೆ ಆರೋ ಏಳೋ ಪಾಲು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಯಂತ್ರದಲ್ಲಿ ಒತ್ತುತ್ತಾರೆ. ಒತ್ತಡದಿಂದ ಕಣಗಳ ನಡುವಣ ಬಯಲು ತಗ್ಗಿ ಮಣ್ಣು ಅಡಕವಾಗುತ್ತದೆ. ಹತ್ತಿರ ಬಂದ ಮರಳಿನ ಕಣಗಳನ್ನು ಸಿಮೆಂಟು ಬೆಸೆಯುತ್ತದೆ. ನಮ್ಮ ಕೆಮ್ಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರೆಮಣ್ಣಿನ ಜೇಡಿ ಬಹಳವಾಗಿ ಉಬ್ಬುವ ಜಾತಿಯದು. ಅದಕ್ಕೆ ಮರಳಿನ ಜೊತೆ ಸುಣ್ಣದ ಸಹಾಯವೂ ಬೇಕು.

ಅಚ್ಚಿನಿಂದ ಹೊರಬಂದ ಇಟ್ಟಿಗೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ನೆರಳಿನಲ್ಲಿ ಪೇರಿಸಿ, ಹುಲ್ಲನ್ನೋ ಗೋಣಿತಾಟನ್ನೋ ಹೊದಿಸಿ, ಮೂರು ನಾಲ್ಕು ವಾರ ನೀರುಣಿಸಬೇಕು. ಈ ತಾಳ್ಮೆಯಲ್ಲಿಯೇ ಎಲ್ಲವೂ ಇದೆ. ನನ್ನ ಬಂಧುಗಳೊಬ್ಬರ ಮನೆಗೆ ಇಂಥ ಇಟ್ಟಿಗೆ ಒತ್ತಿಸಿದರು. ಗುತ್ತಿಗೆದಾರನಿಗೆ ಆತುರ, ವಾರ ತುಂಬುವ ಮೊದಲೇ ಗೋಡೆ ಏರಿತು. ಮರುವರ್ಷದ ಮಳೆಗೆ ಪಡುವಣ ಮೂಲೆ ಉದುರತೊಡಗಿದಾಗ ಊರವರೆಲ್ಲ ಅಂದದ್ದು ಒಂದೇ ಮಾತು: ‘ಎಷ್ಟಾದರೂ ಮಣ್ಣು ಮಣ್ಣೇ.’ ಗುತ್ತಿಗೆದಾರನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆ ಬೀದಿಯಲ್ಲಿ ಇಂಥ ಮನೆ ಕಟ್ಟಿಸಬೇಕೆಂದಿದ್ದ ಇನ್ನಿಬ್ಬರು ಹಿಂಜರಿದರು. ಸುಟ್ಟ ಇಟ್ಟಿಗೆ ಕೆಟ್ಟರೆ ಗೂಡಿನವನನ್ನು ಬೈಯುತ್ತಾರೆ, ಸುಡದ ಇಟ್ಟಿಗೆ ಕೆಟ್ಟರೆ ಮಣ್ಣನ್ನೇ ಬೈಯುತ್ತಾರೆ. ಈ ಇಟ್ಟಿಗೆಯ ಬಲವನ್ನು ನೀರಿನಲ್ಲಿ ನೆನೆಸಿಯೇ ಪರೀಕ್ಷಿಸಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಒಣಗಿದ್ದಾಗ ಅದು ಎಲ್ಲರಿಗೂ ಗಟ್ಟಿಯಾಗಿಯೇ ಕಾಣುತ್ತದೆ. ಭಾರತೀಯ ಮಾನಕ ಸಂಸ್ಥೆಯೂ ಇಂಥ ಇಟ್ಟಿಗೆಗೆ ಗುಣಮಟ್ಟವನ್ನು ಗೊತ್ತುಪಡಿಸಿದೆ; 2013ರಲ್ಲಿ ಅದನ್ನು ಪರಿಷ್ಕರಿಸಿತು.

ಇನ್ನು ಉಳಿತಾಯದ ಮಾತು. ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಈ ಇಟ್ಟಿಗೆಯ ತಯಾರಿಕೆಗೆ ವೆಚ್ಚವಾಗುವ ಶಕ್ತಿ ಸುಟ್ಟ ಇಟ್ಟಿಗೆಯದರ ಕಾಲುಭಾಗದಷ್ಟು ಮಾತ್ರ. ಆದರೆ ಸಿಮೆಂಟನ್ನು ಹೆಚ್ಚಿಸುತ್ತ ಹೋದರೆ, ಅಥವಾ ದೂರದ ಊರಿನಿಂದ ಲಾರಿಯಲ್ಲಿ ತರಿಸಿದರೆ, ಈ ಲಾಭ ಕರಗುತ್ತದೆ. ಮನೆ ಏಳುವ ನಿವೇಶನದ ಮಣ್ಣೇ ಗೋಡೆಯಾಗಬೇಕು. ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ನಿವೇಶನದಲ್ಲಿ ಅಗೆದು ತೆಗೆದ ಮಣ್ಣನ್ನೇ ಮೇಲಣ ಗೋಡೆಗಳಿಗೆ ಬಳಸಿ ಅನೇಕ ಮನೆಗಳನ್ನು ಕಟ್ಟಿಸಿದ್ದಾರೆ. ಹೊರಗೆ ಸಾಗಿಸಬೇಕಾಗಿದ್ದ ಮಣ್ಣಿನಿಂದ ಗೋಡೆ, ಅಗೆದ ಗುಂಡಿಯಿಂದ ನೆಲಮಾಳಿಗೆ.

ಚೆಲುವಿನ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ಯಂತ್ರದ ಅಚ್ಚಿನಿಂದ ಬಂದ ಇಟ್ಟಿಗೆಯ ಮುಖ ನುಣುಪು, ಅಂಚು ನೇರ. ಗಿಲಾವಾಗಲಿ ಬಣ್ಣವಾಗಲಿ ಬೇಡ. ಒಂದೊಂದು ಊರಿನ ಮಣ್ಣಿಗೂ ಒಂದೊಂದು ಬಣ್ಣ; ಕೆಂಪು, ಕಂದು, ಜೇನಿನ ಹಳದಿ. ಬೆಳಗಿನ ಬಿಸಿಲಿಗೆ ಒಂದು ಚೆಲುವು, ಸಂಜೆಗೆ ಇನ್ನೊಂದು. ತಮಿಳುನಾಡಿನ ಆರೋವಿಲ್‌ನಲ್ಲಿ ಇಂಥ ಇಟ್ಟಿಗೆಗಳಿಂದಲೇ ಕಮಾನುಗಳನ್ನೂ ಗುಮ್ಮಟಗಳನ್ನೂ ಕಟ್ಟಿದ್ದಾರೆ.

ಮಣ್ಣಿನ ಮನೆ ಎಂದರೆ ಬೇಸಗೆಯಲ್ಲಿ ತಂಪು ಎಂಬ ಹೊಗಳಿಕೆಯನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪಲಾರೆ. ಅಜ್ಜನ ಕಾಲದ ಎರಡಡಿ ದಪ್ಪದ ಗೋಡೆಯ ತಂಪನ್ನು ಮುಕ್ಕಾಲು ಅಡಿಯ ಗೋಡೆಯಿಂದ ಬಯಸುವುದು ನ್ಯಾಯವಲ್ಲ. ನಡುಹಗಲಿನ ಬಿಸಿಲು ಬೀಳುವುದು ಹೆಚ್ಚಾಗಿ ತಾರಸಿಯ ಮೇಲೆ. ಅದರ ವಿಷಯದಲ್ಲಿ ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅವರದು ಜಾಣ ಉಪಾಯ. ತಾರಸಿಯ ಕೆಳಮೈಯ ಎಳೆತವನ್ನು ಹೊರುವುದು ಕಬ್ಬಿಣದ ಸರಳು. ಅಲ್ಲಿನ ಕಾಂಕ್ರೀಟು ಬಹುಪಾಲು ಸುಮ್ಮನೆ ಭಾರ. ಆ ಜಾಗದಲ್ಲಿ ಅವರು ಹಳೆಯ ಹೆಂಚುಗಳನ್ನು ಇಟ್ಟರು. ಕಾಂಕ್ರೀಟು ಉಳಿಯಿತು, ಭಾರ ತಗ್ಗಿತು, ಕೆಳಗಿನಿಂದ ನೋಡುವವರಿಗೆ ಹೆಂಚಿನ ಚಿತ್ತಾರವೂ ದೊರೆಯಿತು.

ಮನೆ ಕಟ್ಟಿಸುವ ಆಲೋಚನೆಯುಳ್ಳವರು ಒಂದು ಸಣ್ಣ ಪರೀಕ್ಷೆಯನ್ನು ತಾವೇ ಮಾಡಬಹುದು. ನಿವೇಶನದ ಮೇಲಣ ಒಂದಡಿ ಮಣ್ಣನ್ನು ಕೈತೋಟಕ್ಕೆಂದು ಬದಿಗಿರಿಸಿ. ಅದರ ಕೆಳಗಿನ ಮಣ್ಣನ್ನು ಗಾಜಿನ ಶೀಸೆಯಲ್ಲಿ ಕಾಲುಭಾಗ ತುಂಬಿ, ನೀರು ಹೊಯ್ದು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದೆಡೆ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಹೂಳುಮಣ್ಣು ಅದರ ಮೇಲೆ ನಿಧಾನವಾಗಿ ಕೂರುತ್ತದೆ, ಜೇಡಿ ಕೊನೆಗೆ. ಮರುದಿನ ಪದರಗಳನ್ನು ಅಳೆದು ನೋಡಿ, ಮರಳು ಅರ್ಧಕ್ಕಿಂತ ಕಡಿಮೆಯಿದ್ದರೆ ಹೊರಗಿನಿಂದ ಎಷ್ಟು ಸೇರಿಸಬೇಕೆಂದು ಬಲ್ಲವರನ್ನು ಕೇಳಿ. ಗುತ್ತಿಗೆದಾರನೊಡನೆ ಮಾತು ಅದಾದ ಮೇಲೆ. ಆಗ ಇಟ್ಟಿಗೆಗೆ ನೀರುಣಿಸುವ ದಿನಗಳನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಿ.